ಮುಳ್ಳು ಸಿಕ್ಕಿದ್ದಲ್ಲ, ನಾಯಿಗೆ ಕೆಮ್ಮು!

ಉಡುಪಿ: ಮಲ್ಪೆಯಲ್ಲಿ ಮೀನು ಅಗ್ಗವಾದ ದಿನ ಕಾಪುವಿನಿಂದ ಕಾರ್ಕಳದವರೆಗೆ ಮನೆ ನಾಯಿಗಳಿಗೂ ಹಬ್ಬ. ಬೂತಾಯಿ, ಬಂಗುಡೆಯ ತಲೆ-ಬಾಲ ಅವುಗಳ ಪಾಲು. ಆಮೇಲೆ ನಾಯಿ ಎರಡು ಸಲ ಕೆಮ್ಮಿದರೆ ಸಾಕು, ಮನೆಯವರ ತೀರ್ಪು ಸಿದ್ಧ: "ಮುಳ್ಳು ಸಿಕ್ಕಿದ್ದು ಮಾರಾಯ್ರೆ, ಒಂದು ಉಂಡೆ ಅನ್ನ ಹಾಕಿ, ಇಳಿದು ಹೋಗ್ತದೆ." ಅನ್ನ ಇಳಿಯುತ್ತದೆ. ಕೆಮ್ಮು ಇಳಿಯುವುದಿಲ್ಲ.

ಮುಳ್ಳು ಸಿಕ್ಕುವುದು ಸುಳ್ಳಲ್ಲ. ಆದರೆ ಅದು ತಿಂದ ಕೂಡಲೇ ಗೊತ್ತಾಗುತ್ತದೆ. ನಾಯಿ ಕಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ. ವಾರಗಟ್ಟಲೆ ಕೆಮ್ಮಿದರೆ ಕಾರಣ ಬೇರೆಯೇ ಇರುವುದು ಹೆಚ್ಚು.

ಕೆಮ್ಮಿನಲ್ಲೂ ಬಗೆಗಳಿವೆ

ಒಣ ಕೆಮ್ಮು, ಕೊನೆಗೆ ಓಕರಿಸಿ ಸ್ವಲ್ಪ ಬಿಳಿ ನೊರೆ. ಇದು ನಾಯಿಯಿಂದ ನಾಯಿಗೆ ಹರಡುವ 'ಕೆನೆಲ್ ಕೆಮ್ಮು' ಇರಬಹುದು. ಮಣಿಪಾಲದಂಥ ಊರಿನಲ್ಲಿ ರಜೆ ಬಂತೆಂದರೆ ನಾಯಿಯನ್ನು ಬೇರೆಯವರಲ್ಲಿ ಬಿಟ್ಟು ಹೋಗುವವರಿದ್ದಾರೆ. ಹತ್ತು ನಾಯಿ ಕೂಡಿದಲ್ಲಿ ಒಂದರ ಕೆಮ್ಮು ಎಲ್ಲದಕ್ಕೂ ಅಂಟುತ್ತದೆ. ಗಟ್ಟಿಮುಟ್ಟಾದ ನಾಯಿ ಸಾಮಾನ್ಯವಾಗಿ ಎರಡು-ಮೂರು ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ಮರಿಗಳಿಗೆ ಮಾತ್ರ ಅದು ನ್ಯುಮೋನಿಯಾಕ್ಕೆ ತಿರುಗೀತು. ಇದಕ್ಕೆ ಲಸಿಕೆ ಉಂಟು. ಜ್ವರ, ಕಣ್ಣು-ಮೂಗಿನಲ್ಲಿ ಕೀವು ಕಂಡರೆ ಡಿಸ್ಟೆಂಪರ್ ಎಂಬ ಮಾರಿಯ ಸಂಶಯ, ತಡ ಮಾಡಬಾರದು.

ಪಾಮೇರಿಯನ್‌ನಂಥ ಸಣ್ಣ ಜಾತಿಯ ನಾಯಿ ಸರಪಳಿ ಎಳೆದಾಗ, ಖುಷಿಯಿಂದ ಕುಣಿದಾಗ ಬಾತುಕೋಳಿಯಂತೆ ಕೆಮ್ಮಿದರೆ ಶ್ವಾಸನಾಳ ಸಡಿಲವಾಗಿರಬಹುದು. ಕುತ್ತಿಗೆಯ ಬೆಲ್ಟ್ ಬಿಚ್ಚಿ ಎದೆಗೆ ಕಟ್ಟುವ ಪಟ್ಟಿ ಹಾಕಿದರೆ ಅರ್ಧ ಕಷ್ಟ ಕಳೆಯುತ್ತದೆ. ಮುದಿ ನಾಯಿ ರಾತ್ರಿ ಮಲಗಿದಾಗ ಕೆಮ್ಮಿ ಎದ್ದು ಕೂತರೆ ಹೃದಯದ ಕಡೆ ನೋಡಬೇಕು. ಸೊಳ್ಳೆ ಕಚ್ಚಿ ಹೃದಯ ಸೇರುವ ದಾರದಂಥ ಹುಳವೂ ಕೆಮ್ಮು ತರಿಸುತ್ತದೆ. ರಕ್ತ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ. ಹಾಗೆಂದು ಸೊಳ್ಳೆ ಬತ್ತಿಯನ್ನು ನಾಯಿಯ ಮೂಗಿನ ಬುಡದಲ್ಲಿ ಹಚ್ಚಿಟ್ಟರೆ ಅದೂ ಕೆಮ್ಮೇ! ಬಚ್ಚಲು ಒಲೆಯ ಹೊಗೆಯ ಪಕ್ಕ ಕಟ್ಟಿಹಾಕಿದ ನಾಯಿಯದ್ದೂ ಅದೇ ಪಾಡು.

ನಿದ್ದೆಯಲ್ಲಿರುವ ನಾಯಿಯ ಉಸಿರನ್ನು ಒಂದು ನಿಮಿಷ ಎಣಿಸಿ ನೋಡಿ. ದಿನವೂ 30 ದಾಟುತ್ತಿದ್ದರೆ ಪಶು ವೈದ್ಯರಿಗೆ ತೋರಿಸಬೇಕು. ನಾಲಗೆ ನೀಲಿಗಟ್ಟಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಅದೇ ಗಳಿಗೆಗೆ ಹೊರಡಬೇಕು.

ಬಾಯಿಗೆ ಕೈ ಹಾಕೀರಿ, ಜೋಕೆ!

ಎಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹುಚ್ಚು ನಾಯಿ ಎಂದರೆ ಓಡಾಡಿ ಕಚ್ಚುವುದೇ ಎಂದು ಜನ ತಿಳಿದಿದ್ದಾರೆ. ಆದರೆ ರೇಬಿಸ್ ಹಿಡಿದ ಕೆಲವು ನಾಯಿಗಳು ಮೂಲೆ ಸೇರಿ ಸುಮ್ಮನೆ ಕೂರುತ್ತವೆ. ದವಡೆ ಜೋತು ಬೀಳುತ್ತದೆ, ನುಂಗಲು ಆಗುವುದಿಲ್ಲ, ಸ್ವರ ಬದಲಾಗುತ್ತದೆ. ನೋಡಿದವರಿಗೆ ಗಂಟಲಲ್ಲಿ ಎಲುಬು ಸಿಕ್ಕಂತೆಯೇ ಕಾಣುತ್ತದೆ. ಪಾಪ ಎಂದು ಬಾಯಿಯೊಳಗೆ ಬೆರಳು ಹಾಕಿದರೆ, ಕೈಯಲ್ಲಿ ಒಂದು ಗೀರಿದ್ದರೂ ಜೊಲ್ಲಿನಿಂದ ಸೋಂಕು ತಗಲೀತು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲವೆಂದೇ ಲೆಕ್ಕ. ಕೈ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ನಾಯಿಗೆ ವರ್ಷವರ್ಷದ ಚುಚ್ಚುಮದ್ದು ತಪ್ಪಿಸಬಾರದು.

ಮನೆ ಮದ್ದಿನ ಎಡವಟ್ಟು

ಮಕ್ಕಳ ಕೆಮ್ಮಿನ ಸಿರಪ್, ಪ್ಯಾರಾಸಿಟಮಾಲ್ ಮಾತ್ರೆಯನ್ನು ಅಂದಾಜಿನಲ್ಲಿ ನಾಯಿಯ ಬಾಯಿಗೆ ತುರುಕುವವರಿದ್ದಾರೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ನಾಯಿಯ ಯಕೃತ್ತು ಕೆಡುತ್ತದೆ. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಮಣಿಪಾಲದಲ್ಲಿ ಮನುಷ್ಯರಿಗೆ 1953ರಿಂದ ಮೆಡಿಕಲ್ ಕಾಲೇಜು ಉಂಟು. ಅಲ್ಲಿನ ಚೀಟಿಯ ಉಳಿಕೆ ಮಾತ್ರೆ ನಾಯಿಗೆ ನಡೆಯುವುದಿಲ್ಲ!

ಇನ್ನೊಂದು ಮಾತು. ಮನೆಯಲ್ಲಿ ರಾತ್ರಿಯಿಡೀ ಕೆಮ್ಮಿದ ನಾಯಿ ಪಶು ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೇಲೆ ಪರಮ ಸಾಧುವಿನಂತೆ ನಿಲ್ಲುತ್ತದೆ. ಆದ್ದರಿಂದ ಕೆಮ್ಮುವಾಗಲೇ ಮೊಬೈಲಿನಲ್ಲಿ ವಿಡಿಯೋ ಹಿಡಿದಿಡಿ. ಎಂದು ಶುರುವಾಯಿತು, ಯಾವ ಹೊತ್ತಿಗೆ ಹೆಚ್ಚು, ಲಸಿಕೆ ಯಾವಾಗ ಕೊಟ್ಟದ್ದು – ಇಷ್ಟು ಬರೆದುಕೊಂಡು ಹೋಗಿ. ಮೂಕ ಪ್ರಾಣಿಯ ಪರವಾಗಿ ಮಾತಾಡಬೇಕಾದವರು ಮನೆಯವರೇ ಅಲ್ಲವೇ?