ಇಂಜಿನ್ ಬಿಚ್ಚುವ ದಿನ ನೀವೂ ಹತ್ತಿರ ಇರಿ

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ನಿಂತರೆ ದುಡಿಮೆಯೂ ನಿಂತಂತೆ. ಅದಕ್ಕೇ ಅಕ್ಕಲಕೋಟೆ ಕಡೆಯ ರೈತರೇ, ಹಂಗಾಮಿಗೆ ಮೊದಲೇ ಗಾಡಿ ನೋಡಿರಿ. ನೀಲಿ ಹೊಗೆ ಬಿಡುತ್ತದೆಯೇ? ಆಯಿಲ್ ಬೇಗ ಬೇಗ ಇಳಿಯುತ್ತದೆಯೇ? ಪಿಸ್ಟನ್ ರಿಂಗು, ಲೈನರು ಸವೆದಿರಬಹುದು.

"ರಿಂಗ್ ಅಷ್ಟೇ ಹಾಕಿದರ ಸಾಕ್ರಿ, ರೊಕ್ಕ ಉಳೀತದ" ಅಂತ ಕೆಲವರು ಹೇಳ್ತಾರೆ. ಅವಸರ ಮಾಡಬೇಡಿ. ಲೈನರಿನ ಒಳಗೆ, ಮೇಲಿನ ಅಂಚಿನ ಹತ್ತಿರ ಉಗುರು ಆಡಿಸಿ. ಉಗುರು ತಡೆದರೆ ಅದರ ಕೆಳಗೆ ಲೈನರ್ ಸವೆದಿದೆ. ಅಳತೆ ಮಾಡಿಸಿ. ತೀರಾ ಸವೆದ ಲೈನರಿನಲ್ಲಿ ಹೊಸ ರಿಂಗ್ ಸರಿಯಾಗಿ ಕೂರುವುದಿಲ್ಲ. ಮತ್ತೆ ಹೊಗೆ, ಮತ್ತೆ ಖರ್ಚು.

ಕ್ರ್ಯಾಂಕ್ ಸವೆದಿದ್ದರೆ ಗ್ರೈಂಡಿಂಗ್ ಮಾಡಿಸುತ್ತಾರೆ. 0.25 ಮಿಲಿಮೀಟರ್ ಗ್ರೈಂಡಿಂಗ್ ಆದರೆ ಬೇರಿಂಗೂ 0.25ರದ್ದೇ ಬೇಕು. ಈ ಅಂಕಿ ಸಾಮಾನ್ಯವಾಗಿ ಬೇರಿಂಗಿನ ಬೆನ್ನ ಮೇಲೆ ಇರುತ್ತದೆ. ಅಂಕಿ ಓದಲು ಈಗ ನಿಮಗೆ ಬರುತ್ತದಲ್ಲ! ಹಾಕುವ ಮೊದಲೇ ಓದಿ ನೋಡಿರಿ. ಬೇರಿಂಗ್ ಸಡಿಲಾದರೆ ಆಯಿಲ್ ಪ್ರೆಶರ್ ಇಳಿಯುತ್ತದೆ. ಕಡೆಗೆ ಕ್ರ್ಯಾಂಕೂ ಹಾಳಾಗುತ್ತದೆ.

ಹಳೇ ಗ್ಯಾಸ್ಕೆಟ್, ಆಯಿಲ್ ಸೀಲ್ ತಿರುಗಿ ಹಾಕಿಸಬೇಡಿ. ಅವುಗಳಿಗೆ ಖರ್ಚು ಕಡಿಮೆ, ಇಂಜಿನ್ ಬಿಚ್ಚಿ ಕೂಡಿಸುವ ಕೂಲಿಯೇ ಹೆಚ್ಚು.

ಬಿಲ್ಲು ಕೊಡುವಾಗ ಬಿಚ್ಚಿದ ಹಳೇ ಸಾಮಾನು ಕೇಳಿ. ಅದು ನಿಮ್ಮದೇ. ಬಿಲ್ಲಿನಲ್ಲಿ ಬರೆದ ಒಂದೊಂದು ಹೊಸ ಸಾಮಾನಿಗೂ ಹಳೆಯದನ್ನು ಎಣಿಸಿ ಇಸಿದುಕೊಳ್ಳಿರಿ.