ತಲೆಗೆ ಪೆಟ್ಟಾದ ಮಗುವಿಗೆ ಸ್ಕ್ಯಾನ್ ಬೇಕೆ?

ಮರದಿಂದ ಬಿದ್ದ ಹುಡುಗನನ್ನು ಜೀಪಿನಲ್ಲಿ ಮಲಗಿಸಿಕೊಂಡು ಮಂಗಳೂರಿಗೆ ಧಾವಿಸುವುದು ನಮ್ಮ ಕಾಸರಗೋಡು ಸೀಮೆಯ ಮನೆಗಳಿಗೆ ಹೊಸತಲ್ಲ. ಆಸ್ಪತ್ರೆಯ ಬಾಗಿಲಲ್ಲಿಯೇ ಹೆತ್ತವರ ಬಾಯಿಂದ ಹೊರಡುವ ಮೊದಲ ಮಾತು, “ಡಾಕ್ಟರೇ, ಒಂದು ಸ್ಕ್ಯಾನ್ ಮಾಡಿಸಿಬಿಡಿ” ಎಂಬುದು. ಬೇಡವೆಂದರೆ ಅಸಮಾಧಾನ. ಸ್ಕ್ಯಾನ್ ಬರೆಯದ ವೈದ್ಯ ಕಲಿತವನಲ್ಲವೆಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ.

ಸಿ.ಟಿ. ಸ್ಕ್ಯಾನ್ ಎಂಬುದೂ ಕ್ಷ-ಕಿರಣಗಳ ಪ್ರಯೋಗವೇ. ಯಂತ್ರವು ದೇಹದ ಸುತ್ತ ತಿರುಗುತ್ತ ನಾನಾ ಕೋನಗಳಿಂದ ಕಿರಣಗಳನ್ನು ಹಾಯಿಸುತ್ತದೆ. ಬಾಳೆದಿಂಡನ್ನು ಅಡ್ಡಲಾಗಿ ಕೊಯ್ದಂತೆ ಒಳಗಿನ ಒಂದೊಂದು ಬಿಲ್ಲೆಯನ್ನೂ ಗಣಕಯಂತ್ರವು ತೋರಿಸುತ್ತದೆ. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಪರೀಕ್ಷಿಸಲಾಯಿತು. ತಲೆಬುರುಡೆಯೊಳಗಿನ ರಕ್ತಸ್ರಾವವನ್ನು ಇಂದು ಕೆಲವೇ ನಿಮಿಷಗಳಲ್ಲಿ ಕಾಣಬಹುದಾಗಿದೆ. ಇದರಿಂದ ಉಳಿದ ಪ್ರಾಣಗಳಿಗೆ ಲೆಕ್ಕವಿಲ್ಲ.

ಆದರೆ ಕಿರಣದ ಪ್ರಮಾಣವನ್ನೂ ನೋಡಬೇಕು. ಎದೆಯ ಒಂದು ಎಕ್ಸ್‌ರೇಗೆ ಹೆಚ್ಚೆಂದರೆ 0.1 ಮಿಲಿಸೀವರ್ಟ್, ತಲೆಯ ಸಿ.ಟಿ.ಗೆ ಸುಮಾರು 2. ಹೊಟ್ಟೆಯದಕ್ಕೆ 8ರಿಂದ 10. ಮಣ್ಣು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಹೇಗೂ ಬರುತ್ತದೆ. ನಮ್ಮ ರಾಜ್ಯದ ತೆಂಕಣ ಕರಾವಳಿಯಲ್ಲಿ, ಕರುನಾಗಪ್ಪಳ್ಳಿಯ ಥೋರಿಯಂ ಮರಳಿನ ಮೇಲೆ ಬಾಳುವವರಿಗೆ ಇನ್ನೂ ಹೆಚ್ಚು. ಅದರಿಂದ ಅಲ್ಲಿ ಕ್ಯಾನ್ಸರ್ ಹೆಚ್ಚಿದ್ದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬರಲಿಲ್ಲ. ಆದರೆ ಆ ವಿಕಿರಣ ವರ್ಷವಿಡೀ ಹನಿಹನಿಯಾಗಿ ಬೀಳುವಂಥದು. ಸ್ಕ್ಯಾನಿನದು ಕ್ಷಣಮಾತ್ರದಲ್ಲಿ ಸುರಿಯುವಂಥದು.

ಬೆಳೆಯುವ ಮಕ್ಕಳ ಜೀವಕೋಶಗಳಿಗೆ ಅಪಾಯ ಅಧಿಕ. ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾಡಿದ ತಲೆಯ 10,000 ಸ್ಕ್ಯಾನುಗಳಿಗೆ ಮುಂದಿನ 10 ವರ್ಷಗಳಲ್ಲಿ ಒಂದು ರಕ್ತದ ಕ್ಯಾನ್ಸರ್ ಹಾಗೂ ಒಂದು ಮಿದುಳಿನ ಗೆಡ್ಡೆ ಹೆಚ್ಚುವರಿಯಾಗಿ ಉಂಟಾಗಬಹುದು. ಪ್ರಜ್ಞೆ ತಪ್ಪಿದ, ಮತ್ತೆ ಮತ್ತೆ ವಾಂತಿ ಮಾಡುವ, ಮಂಕಾಗುತ್ತಿರುವ ಮಗುವಿನ ವಿಷಯದಲ್ಲಿ ಈ ಅಪಾಯ ನಗಣ್ಯ. ಅಲ್ಲಿ ತಡವೇ ಮೃತ್ಯು. ಆದರೆ ಬಿದ್ದು ಅತ್ತು, ಎದ್ದು, ತಿಂಡಿ ಕೇಳುವ ಮಗುವಿಗೆ ಕೇವಲ ನಮ್ಮ ಸಮಾಧಾನಕ್ಕಾಗಿ ಈ ಅಪಾಯವನ್ನು ಏಕೆ ಹೊರಿಸಬೇಕು? ವೈದ್ಯರು ಕೆಲವು ಗಂಟೆ ಕಾದು ನೋಡೋಣವೆಂದರೆ ಅದು ಉದಾಸೀನವಲ್ಲ, ಚಿಕಿತ್ಸೆಯ ಭಾಗವೇ.

ಸ್ಕ್ಯಾನ್ ಅಗತ್ಯವೆಂದಾಗ, ಮಕ್ಕಳ ಗಾತ್ರಕ್ಕೆ ತಕ್ಕಂತೆ ಕಿರಣವನ್ನು ತಗ್ಗಿಸುವರೇ ಎಂದು ಸಂಕೋಚವಿಲ್ಲದೆ ಕೇಳಿರಿ. ಹೊಟ್ಟೆನೋವಿಗಾದರೆ ಕ್ಷ-ಕಿರಣವಿಲ್ಲದ ಅಲ್ಟ್ರಾಸೌಂಡ್ ಸಾಲದೇ ಎಂದೂ ವಿಚಾರಿಸಿರಿ. ಗರ್ಭಿಣಿಯಾದವಳು ಅದನ್ನು ಮೊದಲೇ ತಿಳಿಸತಕ್ಕದ್ದು. ಹಳೆಯ ಫಿಲ್ಮುಗಳನ್ನು ಅಟ್ಟಕ್ಕೆ ಎಸೆಯದೆ ರೇಶನ್ ಕಾರ್ಡಿನ ಜೊತೆಗೇ ಇಟ್ಟುಕೊಂಡರೆ, ಕಾಸರಗೋಡಿನಲ್ಲಿ ಮಾಡಿದ್ದನ್ನು ಮಂಗಳೂರಿನಲ್ಲಿ ಇನ್ನೊಮ್ಮೆ ಮಾಡಿಸುವ ಪ್ರಸಂಗ ಎಷ್ಟೋ ಸಲ ತಪ್ಪುತ್ತದೆ.