ಎಚ್‌ಟಿಎಂಎಲ್5: ಪುಸ್ತಕ ಹಿಡಿದು ಕಲಿತ ಮೂರು ಪಾಠ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದ ಪತ್ರಿಕೆಯ ಪುಟವನ್ನು ಹೊಸದಾಗಿ ಕಟ್ಟೋಣ ಅಂತ ನಾಲ್ಕು ಜನ ಕೂತೆವು. ಸೀನಿಯರ್‌ಗಳು ಮಾಡಿದ್ದ ಹಳೇ ಪುಟದಲ್ಲಿ ಟೇಬಲ್ ಒಳಗೆ ಟೇಬಲ್. ಲ್ಯಾಬಿನ ಮಾನಿಟರ್‌ನಲ್ಲಿ ಚೆನ್ನಾಗೇ ಕಾಣ್ತಿತ್ತು. ಮೊಬೈಲ್‌ನಲ್ಲಿ ತೆರೆದರೆ ಅಕ್ಷರಗಳೆಲ್ಲ ಇರುವೆ ಸಾಲು. ಜೊತೆಗೆ ಕವಿತೆಗಳನ್ನೆಲ್ಲ ಚಿತ್ರವಾಗಿ ಹಾಕಿದ್ದರು. ಕಣ್ಣು ಕಾಣದ ನಮ್ಮ ಗೆಳೆಯನೊಬ್ಬ ಫೋನಿನ ಸ್ಕ್ರೀನ್ ರೀಡರ್‌ನಿಂದ ಓದ್ತಾನೆ. ಅವನದೇ ಕವಿತೆ ಪ್ರಕಟವಾದ ದಿನ ಫೋನ್ ಅವನಿಗೆ ಹೇಳಿದ್ದು ‘ಇಮೇಜ್’ ಅಂತ ಒಂದೇ ಪದ.

ವಿಡಿಯೋ ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತೆ. ಖಾಲಿ ಫೈಲ್ ತೆರೆದರೆ ಕೈ ಓಡೋಲ್ಲ. ಅದಕ್ಕೇ ಲೈಬ್ರರಿಯಿಂದ ಎಚ್‌ಟಿಎಂಎಲ್5, ಸಿಎಸ್‌ಎಸ್3ರ ದಪ್ಪ ರೆಫರೆನ್ಸ್ ಪುಸ್ತಕ ತಂದೆವು. ಮೊದಲ ಪುಟದಿಂದ ಓದೋಕೆ ಶುರು ಮಾಡಿ ಮೂರನೇ ದಿನಕ್ಕೆ ಸುಸ್ತು. ನಿಘಂಟನ್ನು ಯಾರಾದರೂ ಮೊದಲಿಂದ ಕೊನೆಯವರೆಗೆ ಓದ್ತಾರಾ? ಆಮೇಲೆ ಕ್ರಮ ಬದಲಿಸಿದೆವು. ನಮ್ಮ ಪುಟದಲ್ಲಿ ಏನು ಕೆಟ್ಟಿದೆಯೋ ಅದನ್ನು ಪ್ರಶ್ನೆಯಾಗಿ ಬರೆದುಕೊಳ್ಳೋದು, ಕೊನೆಯ ಪದಸೂಚಿಯಲ್ಲಿ ಹುಡುಕೋದು, ಆ ಎರಡು ಪುಟ ಮಾತ್ರ ಓದಿ ಕಾಪಿ ಮಾಡದೆ ಕೈಯಾರೆ ಟೈಪ್ ಮಾಡೋದು, ಮತ್ತೆ ಒಂದೊಂದೇ ಸಾಲು ತೆಗೆದು ಏನಾಗುತ್ತೆ ಅಂತ ನೋಡೋದು.

ಮೊದಲ ಪ್ರಶ್ನೆ: ಕವಿತೆ ಟೈಪ್ ಮಾಡಿ ಸರ್ವರ್‌ಗೆ ಹಾಕಿದರೆ ಕನ್ನಡ ಯಾಕೆ ಕಲಸಿಹೋಗುತ್ತೆ? ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಅದು ಕ, ನ, ಒತ್ತು ಮೂಡಿಸುವ ಹಲಂತ, ಇನ್ನೊಂದು ನ, ಡ ಎಂಬ 5 ಸಂಕೇತ, ಅಂದರೆ 15 ಬೈಟ್. ಬ್ರೌಸರ್ ಬೇರೆ ಎನ್‌ಕೋಡಿಂಗ್ ಅಂದುಕೊಂಡರೆ ಅದೇ 15 ಬೈಟ್ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಸೀನಿಯರ್‌ಗಳು ಚಿತ್ರದ ಮೊರೆ ಹೋಗಿದ್ದು ಇದಕ್ಕೇ! ಪರಿಹಾರ ಒಂದೇ ಸಾಲು: ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಹೆಡ್‌ನ ಆರಂಭದಲ್ಲೇ ಮೆಟಾ ಚಾರ್‌ಸೆಟ್ ಟ್ಯಾಗ್ ಹಾಕಬೇಕು. ಅದು ಫೈಲಿನ ಮೊದಲ 1024 ಬೈಟ್‌ಗಳೊಳಗೇ ಇರಬೇಕು.

ಎರಡನೆಯದು ಇರುವೆ ಸಾಲಿನ ಕತೆ. ವ್ಯೂಪೋರ್ಟ್ ಮೆಟಾ ಟ್ಯಾಗ್ ಇಲ್ಲದಿದ್ದರೆ ಫೋನಿನ ಬ್ರೌಸರ್ ಪುಟವನ್ನು ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲವೆಂದು ಭಾವಿಸಿ, ಆಮೇಲೆ ಕುಗ್ಗಿಸಿ ತೋರಿಸುತ್ತೆ. ಅಗಲ ಸಾಧನದ್ದೇ ಇರಲಿ ಅಂತ ಬರೆದು, ಟೇಬಲ್‌ಗಳನ್ನು ಕಿತ್ತುಹಾಕಿದ ಮೇಲೆ ಅಕ್ಷರ ಓದುವ ಗಾತ್ರಕ್ಕೆ ಬಂತು.

ಮೂರನೆಯದು ಗೆಳೆಯನದು. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಅಂದರೆ ‘ಕೆಎನ್’ ಎಂದು ಬರೆದರೆ, ಇದು ಕನ್ನಡ ಅಂತ ಸ್ಕ್ರೀನ್ ರೀಡರ್‌ಗೆ ತಿಳಿಯುತ್ತೆ. ಫೋನಿನಲ್ಲಿ ಕನ್ನಡ ಧ್ವನಿ ಇದ್ದರೆ ಅದರಲ್ಲೇ ಓದುತ್ತೆ. ಎಲ್ಲದಕ್ಕೂ ಡಿವ್ ಬಳಸುವ ಬದಲು ನ್ಯಾವ್, ಮೇನ್, ಆರ್ಟಿಕಲ್, ಹೆಡಿಂಗ್ ಟ್ಯಾಗ್‌ಗಳನ್ನು ಬಳಸಿದರೆ ಕೇಳುಗ ಮೆನು ದಾಟಿ ನೇರ ಕವಿತೆಗೇ ಹೋಗಬಹುದು. ಉಳಿದ ಚಿತ್ರಗಳಿಗೆ ಆಲ್ಟ್ ವಿವರಣೆ ಕೊಟ್ಟೆವು.

ಒಂದು ಎಚ್ಚರಿಕೆ: ಪುಸ್ತಕಕ್ಕೆ ವಯಸ್ಸಾಗುತ್ತೆ. ಎಚ್‌ಟಿಎಂಎಲ್5 ಡಬ್ಲ್ಯೂ3ಸಿಯ ಶಿಫಾರಸಾಗಿದ್ದು 2014ರ ಅಕ್ಟೋಬರ್‌ನಲ್ಲಿ. ಈಗ ಎಚ್‌ಟಿಎಂಎಲ್‌ಗೆ ಆವೃತ್ತಿ ಸಂಖ್ಯೆಯೇ ಇಲ್ಲ, ಮಾನದಂಡ ನಿರಂತರವಾಗಿ ಬದಲಾಗುತ್ತಿರುತ್ತೆ. ನಾವು ತಂದ ಪುಸ್ತಕದಲ್ಲಿ ಸಿಎಸ್‌ಎಸ್ ಗ್ರಿಡ್ ಇರಲೇ ಇಲ್ಲ. ಬುನಾದಿಗೆ ಪುಸ್ತಕ, ಹೊಸತಕ್ಕೆ ಇಂದಿನ ಮಾನದಂಡ, ಎರಡೂ ಬೇಕು.

ಹೊಸ ಪುಟ ಸಿದ್ಧವಾದ ಸಂಜೆ ಗೆಳೆಯನನ್ನು ಕೂರಿಸಿಕೊಂಡೆವು. ಫೋನ್ ಅವನ ಕವಿತೆ ಓದಿತು. ಪೂರ್ತಿ ಕೇಳಿ ಅವನು ಅಂದ: “ಎರಡನೇ ಸಾಲಲ್ಲಿ ಒಂದು ಒತ್ತು ಬಿಟ್ಟಿದ್ದೀರಲ್ರೋ!”

ಅಲ್ಲೇ ತಿದ್ದಿದೆವು. ಚಿತ್ರವಾಗಿದ್ದರೆ ಆ ತಪ್ಪು ಅವನಿಗೆ ಗೊತ್ತೇ ಆಗ್ತಿರಲಿಲ್ಲ.